ನಾಟಕವನ್ನು ವಿವರಿಸಬೇಡಿ, ಆಡಿಸಿ ತೋರಿಸಿ: ಶಾಲಾ ಟೆಲಿವಿಷನ್ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ಕಾರ್ಯಕ್ರಮ ವಿಭಾಗದ ಮುಖ್ಯಸ್ಥರು, ದೂರದರ್ಶನ ಚಂದನ ವಾಹಿನಿ, ಬೆಂಗಳೂರು
ಹಾಗೂ
ನಿರ್ದೇಶಕರು, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಬೆಂಗಳೂರು

ಮಾನ್ಯರೇ,

ಕನ್ನಡದ ಹಿರಿಯ ನಾಟಕಗಳನ್ನು ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಟೆಲಿವಿಷನ್ನಿಗೆ ಅಳವಡಿಸಿ ಚಂದನ ವಾಹಿನಿಯಲ್ಲಿ ನಿಯತವಾಗಿ ಪ್ರಸಾರ ಮಾಡಬೇಕೆಂದೂ, ಆ ಕೆಲಸದ ಒಂದು ಪಾಲನ್ನು ಕರಾವಳಿಯ ರಂಗತಂಡಗಳಿಗೆ ವಹಿಸಬೇಕೆಂದೂ ಕೋರಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಇದನ್ನು ಕಚೇರಿಗೆ ಕಳುಹಿಸುವ ಮನವಿಯಾಗಿಯೇ ಬರೆಯಬಹುದಿತ್ತು. ಆದರೆ ಅಧ್ಯಾಪಕರು, ನಟರು, ಪೋಷಕರು, ನಾಟಕಕಾರರ ಕುಟುಂಬದವರು ಎಲ್ಲರೂ ಕೂಡಿ ಯೋಚಿಸಬೇಕಾದ ವಿಷಯ ಇದಾದ್ದರಿಂದ ಬಹಿರಂಗವಾಗಿ ಬರೆಯುವುದೇ ಸರಿಯೆಂದು ತೋರಿತು. ಉಡುಪಿಯಲ್ಲಿ ಹಗಲು ಕನ್ನಡ ಪಾಠ ಹೇಳುತ್ತ, ಸಂಜೆ ಹವ್ಯಾಸಿ ತಂಡಗಳ ತಾಲೀಮಿನಲ್ಲಿ ಕುಳಿತು ಬಂದವರಲ್ಲಿ ನಾನೂ ಒಬ್ಬ. ಈ ಎರಡೂ ಕೆಲಸಗಳ ನಡುವೆ ನನಗೆ ಕಂಡ ಅಂತರವೇ ಈ ಪತ್ರಕ್ಕೆ ಕಾರಣ.

ನಾಟಕವು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲವೆಂದಲ್ಲ. ಇದೆ, ಆದರೆ ಗದ್ಯಪಾಠವಾಗಿ ಇದೆ. ಚಂದ್ರಶೇಖರ ಕಂಬಾರರ ‘ಬೋಳೇಶಂಕರ’ ಪದವಿಪೂರ್ವ ತರಗತಿಗೆ ಪಠ್ಯವಾಗಿ ಬಂದಾಗ ಸಂತೋಷಪಟ್ಟ ಅಧ್ಯಾಪಕರು ಅನೇಕರಿದ್ದರು. ಹಾಡು, ಕುಣಿತ, ಮೇಳಗಳಿಂದಲೇ ಉಸಿರಾಡುವ ಅಂಥ ನಾಟಕವನ್ನು ಕೊನೆಗೆ ಮೇಜಿನ ಹಿಂದೆ ನಿಂತು ಓದಿ ಹೇಳಿ, ‘ಸಂದರ್ಭದೊಂದಿಗೆ ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆಸಿ ಮುಗಿಸಬೇಕಾಯಿತು. ಇದರಲ್ಲಿ ಅಧ್ಯಾಪಕರ ದೋಷವೇನೂ ಇಲ್ಲ. ಒಂದು ಪೀರಿಯಡ್ಡಿನಲ್ಲಿ, ಬೆಂಚುಗಳ ನಡುವೆ, ಪರೀಕ್ಷೆಯ ಒತ್ತಡದಲ್ಲಿ ಅವರು ಮಾಡಬಹುದಾದುದು ಅಷ್ಟೇ. ನಾಟಕ ಶಿಕ್ಷಕರೆಂದೇ ನೇಮಕಗೊಂಡವರು ಇರುವ ಸರ್ಕಾರಿ ಶಾಲೆಗಳು ತೀರ ಕಡಿಮೆ. ಹೀಗಾಗಿ ಹತ್ತನೆಯ ತರಗತಿಯನ್ನೋ ಪಿಯುಸಿಯನ್ನೋ ಮುಗಿಸುವ ಹುಡುಗಿ ನಾಟಕದ ಬಗ್ಗೆ ಐದು ಅಂಕದ ಉತ್ತರವನ್ನು ಬರೆಯಬಲ್ಲಳು. ಅದೇ ನಾಟಕದಲ್ಲಿ ಇಬ್ಬರು ಎದುರೆದುರು ನಿಂತಾಗ ಏನಾಗುತ್ತದೆ ಎಂಬುದನ್ನು ಅವಳು ಕಂಡಿರುವುದಿಲ್ಲ.

ಟೆಲಿವಿಷನ್ ಈ ಕೊರತೆಯನ್ನು ತುಂಬಬಲ್ಲದು ಎಂಬುದಕ್ಕೆ ಬೇಕಾದ ವ್ಯವಸ್ಥೆ ತಮ್ಮ ಕೈಯಲ್ಲಿಯೇ ಇದೆ. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಬೋಧನಾ ಕಾರ್ಯಕ್ರಮಗಳನ್ನು ತಲುಪಿಸುವ ರಾಷ್ಟ್ರೀಯ ಪ್ರಯೋಗ ನಡೆದಾಗ ಕರ್ನಾಟಕದ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. 1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ದೇಶವ್ಯಾಪಿ ತರಗತಿ ದೂರದರ್ಶನದಲ್ಲಿ ಆರಂಭವಾಯಿತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಮೇಲೇರಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಇಲಾಖೆಯೂ ಚಂದನವೂ ಕೈಜೋಡಿಸಿ ‘ಸೇತುಬಂಧ’, ‘ಸಂವೇದ’ ಪಾಠಗಳನ್ನು ಮನೆಮನೆಗೆ ತಲುಪಿಸಿದ್ದನ್ನು ನಾವು ಯಾರೂ ಮರೆತಿಲ್ಲ. ಮೊಬೈಲ್ ಸಂಪರ್ಕ ಸಿಗದ ಘಟ್ಟದ ತಪ್ಪಲಿನ ಮನೆಗಳ ಮಕ್ಕಳಿಗೆ ಅದು ದೊಡ್ಡ ಆಸರೆಯಾಗಿತ್ತು. ಆ ತುರ್ತಿನಲ್ಲಿ ಅಧ್ಯಾಪಕರು ಕ್ಯಾಮೆರಾದ ಮುಂದೆ ನಿಂತು ಪಾಠ ಹೇಳಿದ್ದು ಯೋಗ್ಯವೇ ಆಗಿತ್ತು. ಈಗ ತುರ್ತು ಕಳೆದಿದೆ. ಗಣಿತದ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಬಹುದು, ನಾಟಕವನ್ನು ಹಾಗೆ ಬಿಡಿಸಿ ತೋರಿಸಲು ಬರುವುದಿಲ್ಲ. ಅದನ್ನು ಆಡಬೇಕು.

ಆಡಿದ್ದನ್ನು ಟೆಲಿವಿಷನ್ನಿಗೆ ತರುವುದು ಹೇಗೆ ಎಂಬಲ್ಲಿ ನಿಜವಾದ ಪ್ರಶ್ನೆ ಶುರುವಾಗುತ್ತದೆ. ನಾಟಕವನ್ನು ಅಳವಡಿಸುವುದೆಂದರೆ ಮೂಲಕ್ಕೆ ಅಪಚಾರ ಮಾಡಿದಂತೆ ಎಂದು ಭಾವಿಸುವ ಹಿರಿಯರಿದ್ದಾರೆ. ಅವರ ಆತಂಕವನ್ನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ಕನ್ನಡದ ಮೊದಲ ನಾಟಕವೆಂದು ನಾವು ಗುರುತಿಸುವ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ವೇ ಹರ್ಷನ ‘ರತ್ನಾವಳಿ’ಯ ರೂಪಾಂತರ. ಬಿ.ಎಂ. ಶ್ರೀಕಂಠಯ್ಯನವರು ಸಾಫೊಕ್ಲೀಸನ ‘ಏಜಾಕ್ಸ್’ ನಾಟಕದ ದುರಂತವನ್ನು ಮಹಾಭಾರತಕ್ಕೆ ಕರೆತಂದು ‘ಅಶ್ವತ್ಥಾಮನ್’ ಬರೆದರು. ಇನ್ನು ನಮ್ಮ ಕರಾವಳಿಗಂತೂ ಅಳವಡಿಕೆಯ ಪ್ರಶ್ನೆ ದಿನನಿತ್ಯದ್ದು. ಇಡೀ ರಾತ್ರಿಯ ಯಕ್ಷಗಾನವು ಕೆಲವೇ ಗಂಟೆಗಳ ಕಾಲಮಿತಿಗೆ ಬಂದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಧರ್ಮಸ್ಥಳದಂಥ ಹಳೆಯ ಮೇಳವೂ ಆ ದಾರಿ ಹಿಡಿದಾಗ ಊರೂರಿನಲ್ಲಿ ಚರ್ಚೆಯಾಯಿತು. ಶಿವರಾಮ ಕಾರಂತರು ಮಾತನ್ನು ಕಡಿಮೆ ಮಾಡಿ ಕುಣಿತಕ್ಕೂ ಸಂಗೀತಕ್ಕೂ ಒತ್ತುಕೊಟ್ಟು ಯಕ್ಷಗಾನವನ್ನು ಹೊಸದಾಗಿ ಕಟ್ಟಿದಾಗಲೂ ಪರವಿರೋಧದ ಮಾತು ಬಹುಕಾಲ ನಡೆಯಿತು. ಆದ್ದರಿಂದ ಕಡಿತ ಮಾಡಬೇಕೇ ಬೇಡವೇ ಎಂಬುದಕ್ಕಿಂತ, ಯಾವುದನ್ನು ಕಡಿಯಬೇಕು, ಯಾವುದನ್ನು ಕಡಿದರೆ ಜೀವವೇ ಹೋಗುತ್ತದೆ ಎಂದು ಕೇಳುವ ಅಭ್ಯಾಸ ಇಲ್ಲಿಯ ಕಲಾವಿದರಿಗೂ ಪ್ರೇಕ್ಷಕರಿಗೂ ಇದೆ.

ಕಾಲಮಿತಿಯ ಅನುಭವ ನಮಗೆ ಒಂದು ಪಾಠವನ್ನು ಕಲಿಸಿದೆ, ಅದನ್ನು ತಮ್ಮ ಗಮನಕ್ಕೆ ತರಲೇಬೇಕು. ಸಮಯ ಕಡಿಮೆಯಾದಾಗ ಮೊದಲು ಹೋಗುವುದು ನಿಧಾನವಾದ ಭಾಗಗಳು: ಕಥೆಗೆ ಮುಂಚಿನ ಪೂರ್ವರಂಗ ಹೋಗುತ್ತದೆ, ಪಾತ್ರಗಳ ವೈಭವದ ಪ್ರವೇಶವಾದ ಒಡ್ಡೋಲಗ ಮೊಟಕಾಗುತ್ತದೆ, ಪಾತ್ರಧಾರಿಗಳ ಮಾತುಗಾರಿಕೆಯಾದ ಅರ್ಥಗಾರಿಕೆಯಲ್ಲಿ ವಾದ ಬೆಳೆಯುವ ಮೊದಲೇ ಯುದ್ಧ ಬರುತ್ತದೆ. ಉಳಿಯುವುದು ಕುಣಿತದ ಬಿರುಸು ಮತ್ತು ಹಾಸ್ಯ. ನಾಟಕವನ್ನು ಟೆಲಿವಿಷನ್ನಿನ ಅರ್ಧ ಗಂಟೆಗೆ ಇಳಿಸುವವರೂ ಇದನ್ನೇ ಮಾಡುವ ಅಪಾಯವಿದೆ. ಕಥೆ ಉಳಿಯುತ್ತದೆ, ವಾದ ಹೋಗುತ್ತದೆ. ಕಥೆಯನ್ನು ಮಕ್ಕಳು ಗೈಡಿನಲ್ಲಿಯೂ ಓದಿಯಾರು, ಅದಕ್ಕಾಗಿ ಸ್ಟುಡಿಯೊ ಬೇಕಾಗಿಲ್ಲ. ಹೀಗಾಗಿ ನನ್ನ ಮೊದಲ ಕೋರಿಕೆ ಇದು: ಇಡೀ ನಾಟಕವನ್ನು ಹಿಂಡಿ ಒಂದು ಕಂತಿಗೆ ತುರುಕಬೇಡಿ. ಸಮಯ ಸಾಲದಿದ್ದರೆ ದೃಶ್ಯಗಳ ಗಡಿಯಲ್ಲಿ ನಿಲ್ಲಿಸಿ ಕಂತುಗಳನ್ನು ಹೆಚ್ಚಿಸಿ. ಅದೂ ಆಗದಿದ್ದರೆ ಚಿಕ್ಕ ನಾಟಕವನ್ನೇ ಆರಿಸಿಕೊಳ್ಳಿ. ದೊಡ್ಡ ನಾಟಕದ ಸಾರಾಂಶಕ್ಕಿಂತ ಪೂರ್ಣವಾಗಿ ಆಡಿದ ಏಕಾಂಕ ಎಷ್ಟೋ ಮೇಲು.

ಇದುವರೆಗೆ ನಾಟಕಗಳು ಪರದೆಗೆ ಬಂದ ಬಗೆಗಳಲ್ಲಿ ಎರಡು ವಿಶೇಷವಾಗಿ ತೊಂದರೆಯವು. ಸಭಾಂಗಣದ ಹಿಂದೆ ಒಂದು ಕ್ಯಾಮೆರಾ ನಿಲ್ಲಿಸಿ ರಂಗಪ್ರಯೋಗವನ್ನು ಇದ್ದ ಹಾಗೆ ದಾಖಲಿಸಿಕೊಳ್ಳುವುದು ಒಂದು ಬಗೆ. ದಾಖಲೆಯಾಗಿ ಅದಕ್ಕೆ ಬೆಲೆಯಿದೆ, ತರಗತಿಗೆ ಅದು ಒದಗದು: ಮುಖಗಳು ಕಾಣುವುದಿಲ್ಲ, ಮಾತು ಗೋಡೆಗಳಿಗೆ ಬಡಿದು ಬರುತ್ತದೆ. ಮತ್ತೊಂದು ಬಗೆ ಇದಕ್ಕೆ ವಿರುದ್ಧವಾದುದು, ಮತ್ತು ನನ್ನ ಎಣಿಕೆಯಲ್ಲಿ ಹೆಚ್ಚು ಹಾನಿಕರವಾದುದು. ಟೆಲಿವಿಷನ್ ಎಂದ ಮೇಲೆ ಎಲ್ಲವೂ ‘ನಿಜ’ವಾಗಿ ಕಾಣಬೇಕೆಂದು ನಾಟಕವನ್ನು ಹೊರಾಂಗಣಕ್ಕೆ ಒಯ್ದು ಧಾರಾವಾಹಿಯಂತೆ ಚಿತ್ರೀಕರಿಸುವುದು. ಬಿಬಿಸಿ 1978ರಿಂದ 1985ರ ವರೆಗೆ ಷೇಕ್ಸ್‌ಪಿಯರನ 37 ನಾಟಕಗಳನ್ನು ಟೆಲಿವಿಷನ್ನಿಗೆ ತಂದ ಯೋಜನೆ ಈ ವಿಷಯದಲ್ಲಿ ನಮಗೆ ಬಹಳ ಹೇಳುತ್ತದೆ. ಆರಂಭದಲ್ಲಿ ‘ಆ್ಯಸ್ ಯು ಲೈಕ್ ಇಟ್’ ನಾಟಕವನ್ನು ಸ್ಕಾಟ್ಲೆಂಡಿನ ಗ್ಲಾಮಿಸ್ ಕೋಟೆಯ ಸುತ್ತಣ ನಿಜವಾದ ಮರಗಿಡಗಳ ನಡುವೆ ಚಿತ್ರೀಕರಿಸಿದರು. ಮಾತಿನಿಂದಲೇ ಹುಟ್ಟಬೇಕಾದ ಕಾಡು ಎದುರಿಗೇ ನಿಂತಾಗ ಮಾತು ಸೊರಗಿತು. ಮುಂದೆ ಜೇನ್ ಹೊವೆಲ್ ಎಂಬ ನಿರ್ದೇಶಕಿ ‘ಹೆನ್ರಿ VI’ ನಾಟಕಗಳನ್ನು ಸ್ಟುಡಿಯೊದೊಳಗೆ, ಮಕ್ಕಳ ಆಟದ ಅಂಗಳದಂತೆ ಹಲಗೆ ಕಂಬಗಳಿಂದ ಕಟ್ಟಿದ ಒಂದೇ ರಂಗಸಜ್ಜಿಕೆಯಲ್ಲಿ ಮಾಡಿಸಿದರು. ಯುದ್ಧಗಳು ಮುಂದುವರಿದಂತೆ ಆ ಸಜ್ಜಿಕೆ ಸುಟ್ಟು ಕರಕಲಾಗುತ್ತ ಹೋಯಿತು. ಅದು ನಿಜವಾದ ಕೋಟೆಯಲ್ಲವೆಂದು ಯಾರಿಗೂ ಗೊತ್ತು, ಆದರೆ ನೋಡುವವರು ಮಾತನ್ನೂ ನಟರನ್ನೂ ನಂಬಿದರು. ನಾವೂ ಶಕುಂತಲೆಯನ್ನು ಆಗುಂಬೆಯ ಕಾಡಿಗೆ ಕರೆದೊಯ್ಯುವುದು ಬೇಡ. ಖಾಲಿ ರಂಗದಲ್ಲಿ ಒಂದು ಬಳ್ಳಿಗೆ ನೀರೆರೆಯುವ ಅಭಿನಯ ಸಾಕು.

ನಾಟಕದ ರಚನೆಯೊಳಗೆ ರಂಗದ ವ್ಯವಸ್ಥೆಯೇ ಅರ್ಥವಾಗಿ ಸೇರಿಕೊಂಡಿರುವುದಕ್ಕೆ ಗಿರೀಶ ಕಾರ್ನಾಡರ ‘ತುಘಲಕ್’ಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿ ಇರಲಾರದು. 1964ರಲ್ಲಿ ಪ್ರಕಟವಾದ ಈ ನಾಟಕದಲ್ಲಿ ಹದಿಮೂರು ದೃಶ್ಯಗಳಿವೆ. ಕಂಪನಿ ನಾಟಕಗಳಲ್ಲಿ ಅರಮನೆಯ ದೃಶ್ಯಕ್ಕೆ ರಂಗದ ಆಳವನ್ನೆಲ್ಲ ಬಳಸುತ್ತಿದ್ದರು. ಅದು ಮುಗಿದ ಕೂಡಲೇ ಮುಂದೊಂದು ಪರದೆ ಇಳಿಸಿ, ಅದರ ಮುಂದಿನ ಕಿರಿದಾದ ಜಾಗದಲ್ಲಿ ಬೀದಿಯ ಜನರ ಹಾಸ್ಯದ ದೃಶ್ಯ ನಡೆಸುತ್ತಿದ್ದರು. ಅಷ್ಟರಲ್ಲಿ ಪರದೆಯ ಹಿಂದೆ ಮುಂದಿನ ಅರಮನೆ ಸಿದ್ಧವಾಗುತ್ತಿತ್ತು. ಈ ವ್ಯವಸ್ಥೆಯನ್ನೇ ತಾವು ‘ತುಘಲಕ್’ನಲ್ಲಿ ಬಳಸಿಕೊಂಡುದಾಗಿ ಕಾರ್ನಾಡರು ಬರೆದಿದ್ದಾರೆ. ಆಳದ ರಂಗ ಸುಲ್ತಾನನದು, ಪರದೆಯ ಮುಂದಿನ ಜಾಗ ಅಜೀಜನಂಥ ಅಗಸನದು, ಬೀದಿಯ ಪ್ರಜೆಗಳದು. ನಾಟಕ ಮುಂದುವರಿದಂತೆ ಆ ಗಡಿ ಕುಸಿಯುತ್ತದೆ. ಬ್ರಾಹ್ಮಣನ ವೇಷದಿಂದ ತೊಡಗಿದ ಅಜೀಜ ಕೊನೆಗೆ ಖಲೀಫರ ವಂಶಸ್ಥನ ವೇಷದಲ್ಲಿ ಅರಮನೆಯನ್ನೇ ಹೊಕ್ಕು ಸುಲ್ತಾನನ ಎದುರು ನಿಲ್ಲುತ್ತಾನೆ, ಇಬ್ಬರೂ ಒಬ್ಬರೊಳಗೊಬ್ಬರು ತಮ್ಮನ್ನೇ ಕಾಣುತ್ತಾರೆ. ಟೆಲಿವಿಷನ್ನಿನಲ್ಲಿ ಪರದೆ ಇಳಿಸುವ ಅಗತ್ಯವಿಲ್ಲ. ಒಂದು ಕಟ್ ಕೊಟ್ಟರೆ ಅರಮನೆಯಿಂದ ಬೀದಿಗೆ ಬರಬಹುದು. ಅಗತ್ಯವಿಲ್ಲವೆಂದು ಆ ವಿನ್ಯಾಸವನ್ನು ಕೈಬಿಟ್ಟರೆ ಕೊನೆಯ ಭೇಟಿಗೆ ಇರುವ ಬಲವೂ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಬೀದಿಯ ದೃಶ್ಯಗಳಲ್ಲಿ ಹಿನ್ನೆಲೆಯೇ ಇಲ್ಲದಂತೆ, ಗೋಡೆಗೆ ಒತ್ತಿ ನಿಂತ ಮುಖಗಳನ್ನಷ್ಟೇ ತೋರಿಸಬಹುದು. ಅರಮನೆಯ ದೃಶ್ಯಗಳಲ್ಲಿ ಕ್ಯಾಮೆರಾ ದೂರ ನಿಂತು ಸುಲ್ತಾನನ ಹಿಂದೆ ಇರುವ ಖಾಲಿತನವನ್ನು ಕಾಣಿಸಬಹುದು. ಅಜೀಜ ಒಳಹೊಕ್ಕ ದೃಶ್ಯದಲ್ಲಿ ಮೊದಲ ಬಾರಿಗೆ ಆ ಖಾಲಿತನದ ನಡುವೆ ಅವನ ಮುಖ ಬರಬೇಕು. ಇದು ನನ್ನದೊಂದು ಸೂಚನೆ ಮಾತ್ರ, ಸಮರ್ಥ ನಿರ್ದೇಶಕರಿಗೆ ಇನ್ನೂ ಒಳ್ಳೆಯ ದಾರಿ ಹೊಳೆದೀತು. ಪರದೆಯ ಬಳಕೆಗೆ ಇದ್ದ ಕಾರಣವನ್ನು ಅರಿತು, ಅದೇ ಕಾರಣಕ್ಕೆ ಕ್ಯಾಮೆರಾದಲ್ಲಿ ಬೇರೆ ಉಪಾಯ ಹುಡುಕುವುದನ್ನೇ ನಾನು ಅಳವಡಿಕೆ ಎಂದು ಕರೆಯುತ್ತೇನೆ. ಈ ಕೆಲಸಕ್ಕೆ ರಂಗನಿರ್ದೇಶಕರೂ ಟೆಲಿವಿಷನ್ ನಿರ್ದೇಶಕರೂ ತಾಲೀಮಿನ ಮೊದಲ ದಿನದಿಂದಲೇ ಜೊತೆಗಿರಬೇಕು. ಚಿತ್ರೀಕರಣದ ಬೆಳಿಗ್ಗೆ ಬಂದು ಕ್ಯಾಮೆರಾ ಇಡುವವರಿಂದ ಇದು ಆಗದು.

ಕಾರ್ನಾಡರದೇ ‘ಹಯವದನ’ವನ್ನು ಉಡುಪಿ ಮಂಗಳೂರುಗಳ ಮಕ್ಕಳಿಗೆ ತೋರಿಸುವುದಾದರೆ ಇನ್ನೊಂದು ಸಂತೋಷವಿದೆ. ಅದರ ಭಾಗವತ, ಇಬ್ಬರು ಹಿಡಿದು ನಿಲ್ಲುವ ಅರ್ಧ ತೆರೆ, ಆರಂಭದ ಗಣಪತಿ ಪೂಜೆ ಇವೆಲ್ಲ ಅವರಿಗೆ ಮನೆಯಂಗಳದ ಪರಿಚಯ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ಈ ನಾಟಕಕ್ಕೆ ಕೊಟ್ಟ ಸಂಗೀತವನ್ನು ಕೇಳಿದವರು ಮರೆಯಲಾರರು. ಇದರಲ್ಲಿ ದೇವದತ್ತ ಮತ್ತು ಕಪಿಲರ ತಲೆಗಳು ಅದಲುಬದಲಾಗುತ್ತವೆ. ರಂಗದ ಮೇಲೆ ಅದು ಮುಖವಾಡಗಳ ಬದಲಾವಣೆಯಿಂದ ಆಗುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಕೈಯಲ್ಲಿರುವಾಗ ಒಬ್ಬ ನಟನ ಮುಖವನ್ನು ಇನ್ನೊಬ್ಬನ ದೇಹಕ್ಕೆ ಕೂಡಿಸಿ ತೋರಿಸುವ ಆಸೆ ಯಾರಿಗಾದರೂ ಬರಬಹುದು. ದಯವಿಟ್ಟು ಅದನ್ನು ಮಾಡಬೇಡಿ. ಮುಖವಾಡ ಬದಲಾದಾಗ ‘ಇವನು ಈಗ ಯಾರು?’ ಎಂಬ ಪ್ರಶ್ನೆಯನ್ನು ನೋಡುವವರೇ ತಮ್ಮ ಮನಸ್ಸಿನಲ್ಲಿ ಬಿಡಿಸಿಕೊಳ್ಳಬೇಕಾಗುತ್ತದೆ. ಗ್ರಾಫಿಕ್ಸ್ ಆ ಪ್ರಶ್ನೆಗೆ ಅವರ ಪರವಾಗಿ ಉತ್ತರ ಹೇಳಿಬಿಡುತ್ತದೆ. ಕುವೆಂಪು ಅವರ ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನತ್ತ ರಾಮನು ಬಿಟ್ಟ ಬ್ರಹ್ಮಾಸ್ತ್ರವು ತಪಸ್ವಿಯನ್ನು ಬಿಟ್ಟು ದೂರು ತಂದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆಯಲ್ಲ, ಅಲ್ಲಿಯೂ ಬೆಂಕಿಯ ಚೆಂಡನ್ನು ಹಾರಿಸಿ ತೋರಿಸುವುದಕ್ಕಿಂತ ಓಡುವವನ ಮುಖದ ಭಯವನ್ನು ತೋರಿಸುವುದೇ ಮೇಲು. ಆ ನಾಟಕದ ಸರಳ ರಗಳೆಯನ್ನು ಸಭಾಂಗಣದ ಕೊನೆಯ ಸಾಲಿಗೆ ಕೇಳಿಸಲು ಕೂಗಬೇಕಾಗುತ್ತದೆ. ಮೈಕಿನ ಮುಂದೆ ಅದನ್ನು ಮೆಲ್ಲಗೆ, ಯೋಚಿಸುತ್ತ ಯೋಚಿಸುತ್ತ ಹೇಳಬಹುದು. ಇದು ರಂಗಕ್ಕೆ ಇಲ್ಲದ, ಟೆಲಿವಿಷನ್ನಿಗೆ ಇರುವ ಅನುಕೂಲ.

ಕ್ಯಾಮೆರಾದ ಬಗ್ಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ರಂಗದ ಮೇಲೆ ಒಬ್ಬ ಮಾತಾಡುವಾಗ ಕೇಳುವವನೂ ಕಣ್ಣಿಗೆ ಕಾಣುತ್ತಿರುತ್ತಾನೆ. ಯಾರನ್ನು ನೋಡಬೇಕೆಂಬುದು ಪ್ರೇಕ್ಷಕನ ಆಯ್ಕೆ. ಟೆಲಿವಿಷನ್ನಿನಲ್ಲಿ ಸಾಮಾನ್ಯವಾಗಿ ಮಾತಾಡುವವರ ಮುಖದ ಮೇಲೆ ಮುಖ ಬರುತ್ತ ಹೋಗುತ್ತದೆ, ಕೇಳುವವರು ಮಾಯವಾಗುತ್ತಾರೆ. ನಾಟಕ ಓದುವ ವಿದ್ಯಾರ್ಥಿಗೆ ಪುಟದ ಮೇಲೆ ಕಾಣಿಸದೆ ಹೋಗುವುದು ಈ ಕೇಳುವವನೇ, ಏಕೆಂದರೆ ಅವನಿಗೆ ಆ ಹೊತ್ತಿನಲ್ಲಿ ಸಂಭಾಷಣೆ ಇಲ್ಲ. ಸುಲ್ತಾನ ತನ್ನ ಕನಸುಗಳನ್ನು ಹೇಳುವಾಗ ಚರಿತ್ರಕಾರ ಬರನಿಯ ಮುಖ ಹೇಗಿರುತ್ತದೆ ಎಂಬುದನ್ನು ಅಧ್ಯಾಪಕರು ಎಷ್ಟು ಚೆನ್ನಾಗಿ ಪಾಠ ಹೇಳಿದರೂ ತೋರಿಸಲಾರರು. ಪ್ರಸಾರದಿಂದ ಅದೊಂದು ದೊರೆತರೂ ತರಗತಿಗೆ ಲಾಭವೇ. ಹೀಗೆಯೇ ಸ್ವಗತ. ಅದನ್ನು ಹಿನ್ನೆಲೆಯ ಧ್ವನಿಯಾಗಿ ಮಾಡಿ ನಟನ ಬಾಯಿ ಮುಚ್ಚಿಸುವ ರೂಢಿ ಧಾರಾವಾಹಿಗಳಿಂದ ಬಂದಿದೆ. ನಾಟಕದ ಸ್ವಗತವನ್ನು ನಟ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಹೇಳಲಿ. ಮಕ್ಕಳು ತಮಗೇ ಹೇಳುತ್ತಿದ್ದಾನೆಂದು ತಿಳಿದು ಹತ್ತಿರ ಸರಿದು ಕೂರುತ್ತಾರೆ.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಟಿ.ಪಿ. ಕೈಲಾಸಂ ಅವರ ನಾಟಕಗಳ ಕನ್ನಡದಲ್ಲಿ ಇಂಗ್ಲಿಷ್ ಹಾಸುಹೊಕ್ಕಾಗಿದೆ, ಹಳೆಯ ಮೈಸೂರಿನ ಮನೆಮಾತಿನ ಲಯವಿದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪುರದ ಕನ್ನಡ ಮಾತಾಡುವ ನಮ್ಮ ಮಕ್ಕಳಿಗೆ ಅದು ಮೊದಲ ಕೇಳ್ಮೆಗೆ ಕಠಿಣ. ಹಾಗೆಂದು ಸಂಭಾಷಣೆಯನ್ನು ಸರಳಗೊಳಿಸುವುದು ತಪ್ಪು, ಏಕೆಂದರೆ ಆ ಮಾತಿನ ರೀತಿಯೇ ಆ ಪಾತ್ರಗಳು. ಮೂಲದ ಮಾತನ್ನು ಇದ್ದ ಹಾಗೆಯೇ ಆಡಿಸಿ, ಕೆಳಗೆ ಕನ್ನಡದಲ್ಲಿಯೇ ಮಾತಿನ ಸಾಲುಗಳನ್ನು ಮೂಡಿಸಿ. ಕಿವಿ ಕೇಳದ ಮಕ್ಕಳಿಗೂ ಅದು ಒದಗುತ್ತದೆ. ಆದರೆ ನಾಟಕದ ಮಾತೇ ಅದನ್ನು ಬಯಸದ ಕಡೆ ಎಲ್ಲ ನಟರೂ ಒಂದೇ ಊರಿನ ಕನ್ನಡವನ್ನು ನಟಿಸಬೇಕೆಂಬ ಒತ್ತಾಯ ಬೇಡ. ‘ಅಶ್ವತ್ಥಾಮನ್’ ನಾಟಕದ ಗಂಭೀರ ಪದ್ಯವನ್ನು ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲಿಯೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಪಳಗಿದ ಕರಾವಳಿಯ ನಾಲಗೆ ಹೇಳಿದರೆ ಅದಕ್ಕೆ ಕುಂದೇನೂ ಬಾರದು. ಮಾತನ್ನು ಕಟ್ಟಿ, ಏರಿಸಿ, ಎದುರಾಳಿಯ ಮಾತಿಗೆ ಕಾದು ಉತ್ತರಿಸುವ ಆ ಅಭ್ಯಾಸ ನಾಟಕಕ್ಕೆ ದೊಡ್ಡ ಬಂಡವಾಳ.

ಹಕ್ಕುಗಳ ಪ್ರಶ್ನೆಯನ್ನು ಮೊದಲೇ ಬಗೆಹರಿಸಿಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಶಾಲೆಯ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಶಾಲೆಯ ಚಟುವಟಿಕೆಯಾಗಿ ನಾಟಕವಾಡಲು ವಿನಾಯಿತಿ ಇದೆ. ಅದು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರಂಥ ಸೀಮಿತ ಪ್ರೇಕ್ಷಕರ ಎದುರಿನ ಪ್ರದರ್ಶನಕ್ಕೆ ಮಾತ್ರ, ರಾಜ್ಯಕ್ಕೆಲ್ಲ ಪ್ರಸಾರ ಮಾಡಲು ಆ ವಿನಾಯಿತಿ ಸಾಲದು. ಲೇಖಕರ ಬದುಕಿನ ಕಾಲದಲ್ಲಿ ಪ್ರಕಟವಾದ ಕೃತಿಯ ಹಕ್ಕು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳ ವರೆಗೆ ಉಳಿಯುತ್ತದೆ. ಹೀಗಾಗಿ 2019ರಲ್ಲಿ ತೀರಿಕೊಂಡ ಕಾರ್ನಾಡರ, 1994ರಲ್ಲಿ ತೀರಿಕೊಂಡ ಕುವೆಂಪು ಅವರ, 1984ರಲ್ಲಿ ತೀರಿಕೊಂಡ ಶ್ರೀರಂಗರ ನಾಟಕಗಳಿಗೆ ಲಿಖಿತ ಅನುಮತಿಯೂ ಗೌರವಧನವೂ ಬೇಕು. ಶಿಕ್ಷಣಕ್ಕೆಂದು ಕೇಳುತ್ತಿದ್ದೇವೆ ಎಂಬ ಕಾರಣ ಮುಂದಿಟ್ಟು ಗೌರವಧನವನ್ನು ತಪ್ಪಿಸುವುದು ಉಚಿತವಲ್ಲ. ಇತ್ತ ಕೈಲಾಸಂ ಮತ್ತು ಬಿ.ಎಂ.ಶ್ರೀ ಇಬ್ಬರೂ ತೀರಿಕೊಂಡದ್ದು 1946ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ನಾಟಕಗಳು ಈಗ ಎಲ್ಲರ ಸೊತ್ತು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿಯೇ ಪ್ರಕಟವಾದ ‘ಹೆಬ್ಬೆರಳು’ ನಾಟಕ 2024ರ ಜನವರಿಯಿಂದ ಹಕ್ಕುಗಳ ಬಂಧನದಿಂದ ಹೊರಬಂದಿದೆ.

ಇದು ನನಗೆ ಬಹಳ ಮುಖ್ಯವೆಂದು ತೋರುವ ಅವಕಾಶ. ‘ಹೆಬ್ಬೆರಳು’ ಏಕಲವ್ಯನ ವಸ್ತುವಿನ ಮೇಲೆ ನಮ್ಮ ನೆಲದ ಕವಿ ಬರೆದ ಚಿಕ್ಕ ನಾಟಕ. ಸರಿಸುಮಾರು ಅದೇ ಕಾಲದಲ್ಲಿ ಕುವೆಂಪು ಅವರೂ ಅದೇ ವಸ್ತುವಿನ ಮೇಲೆ ‘ಬೆರಳ್‌ಗೆ ಕೊರಳ್’ ಬರೆದರು. ಅನುಮತಿ ಪಡೆದು ಎರಡನ್ನೂ ಒಂದೇ ತಂಡದಿಂದ, ಒಂದೇ ರಂಗಸಜ್ಜಿಕೆಯಲ್ಲಿ ಆಡಿಸಿ ಒಂದರ ಹಿಂದೆ ಒಂದು ತೋರಿಸಿದರೆ, ಒಂದೇ ಕಥೆಯನ್ನು ಇಬ್ಬರು ಕವಿಗಳು ಹೇಗೆ ಬೇರೆಬೇರೆಯಾಗಿ ಕಂಡರು ಎಂಬುದನ್ನು ಯಾವ ವ್ಯಾಖ್ಯಾನವೂ ಇಲ್ಲದೆ ಮಕ್ಕಳು ತಾವೇ ಗುರುತಿಸುತ್ತಾರೆ. ಗುರು ಎನಿಸಿಕೊಂಡವನು ಶಿಷ್ಯನಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬ ಚರ್ಚೆ ಶಾಲೆಯ ಕೋಣೆಯಲ್ಲಿಯೇ ನಡೆಯಲಿ. ಇದರ ಜೊತೆಗೆ ಮೊದಲ ವರ್ಷ ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಆರಿಸಿಕೊಳ್ಳಿ. ‘ಮಕ್ಕಳ ಸ್ಕೂಲ್ ಮನೇಲಲ್ವೇ’ ಎಂಬ ಇನ್ನೊಂದು ಹೆಸರೂ ಇರುವ ಈ ನಾಟಕ ಪರೀಕ್ಷೆಯ ರ‍್ಯಾಂಕಿನ ಬೆಲೆಯನ್ನೂ ಮನುಷ್ಯನ ಒಳ್ಳೆಯತನದ ಬೆಲೆಯನ್ನೂ ತಕ್ಕಡಿಗೆ ಹಾಕುತ್ತದೆ. ಫಲಿತಾಂಶದ ಪಟ್ಟಿಯಲ್ಲಿ ಸದಾ ಮೇಲಿರಬೇಕೆಂದು ಹಟ ತೊಟ್ಟ ನಮ್ಮ ಎರಡು ಜಿಲ್ಲೆಗಳಿಗಿಂತ ಹೆಚ್ಚಾಗಿ ಇದನ್ನು ನೋಡಬೇಕಾದವರು ಯಾರು? ಮನೆಯೊಳಗೇ ನಡೆಯುವ ನಾಟಕವಾದ್ದರಿಂದ ಸ್ಟುಡಿಯೊಗೂ ಒಗ್ಗುತ್ತದೆ. ಆಮೇಲೆ ಕುವೆಂಪು ಅವರ ‘ಜಲಗಾರ’. ಗುಡಿಯೊಳಗೆ ಪ್ರವೇಶವಿಲ್ಲದ ಬೀದಿ ಗುಡಿಸುವವನ ಬಳಿಗೆ ಶಿವನೇ ಜಲಗಾರನಾಗಿ ಬರುವ ಆ ಪುಟ್ಟ ನಾಟಕವನ್ನು ದೇವಸ್ಥಾನಗಳ ಊರಿನ ಮಕ್ಕಳು ನೋಡಲೇಬೇಕು.

ಇದನ್ನು ಮಾಡುವವರು ಯಾರು ಎಂದು ತಾವು ಕೇಳಬಹುದು. ನಟರಿಗೆ ಇಲ್ಲಿ ಬರವಿಲ್ಲ. ವರ್ಷಂಪ್ರತಿ ರಾಜ್ಯಮಟ್ಟದ ನಾಟಕ ಸ್ಪರ್ಧೆ ನಡೆಸುತ್ತ ಬಂದಿರುವ ರಂಗಭೂಮಿ ಉಡುಪಿ, ರಂಗೋತ್ಸವಗಳನ್ನು ಏರ್ಪಡಿಸುವ ರಥಬೀದಿ ಗೆಳೆಯರು, ಕೊಡವೂರಿನ ಸುಮನಸಾ, ಬೈಂದೂರಿನ ಲಾವಣ್ಯ, ಮೂಡುಬಿದಿರೆಯಲ್ಲಿ ವಿದ್ಯಾರ್ಥಿಗಳನ್ನೇ ರಂಗಕ್ಕೆ ಸಿದ್ಧಗೊಳಿಸುವ ಆಳ್ವಾಸ್, ಕಾರ್ಕಳದ ಯಕ್ಷ ರಂಗಾಯಣ ಹೀಗೆ ಹೆಸರಿಸುತ್ತ ಹೋಗಬಹುದು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳ ಹುಡುಗ ಹುಡುಗಿಯರಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ತರುತ್ತಿರುವುದರಿಂದ, ಬಣ್ಣ ಹಚ್ಚಿ ನಿಲ್ಲಲು ಅಂಜದ ಮಕ್ಕಳೂ ನಮ್ಮಲ್ಲಿದ್ದಾರೆ. ಮಂಗಳೂರು ಆಕಾಶವಾಣಿಯ ಬಾನುಲಿ ನಾಟಕಗಳಲ್ಲಿ ಧ್ವನಿಯನ್ನು ಪಳಗಿಸಿಕೊಂಡ ಕಲಾವಿದರಿದ್ದಾರೆ. ಮೈಕಿನ ಮುಂದೆ ಎಷ್ಟು ಮಾತು, ಎಷ್ಟು ಉಸಿರು ಎಂಬುದನ್ನು ರಂಗನಟರಿಗೆ ಹೇಳಿಕೊಡಬಲ್ಲವರು ಅವರೇ. ಮಣಿಪಾಲ, ಮಂಗಳೂರುಗಳಲ್ಲಿ ಮಾಧ್ಯಮ ಶಿಕ್ಷಣ ನೀಡುವ ಕಾಲೇಜುಗಳಿವೆ. ಮೈಸೂರು ವಿಶ್ವವಿದ್ಯಾಲಯದ ಶೈಕ್ಷಣಿಕ ಮಾಧ್ಯಮ ಕೇಂದ್ರದ ಅನುಭವವೂ ದೊರೆತೀತು. ಇವರೆಲ್ಲ ಇದ್ದೂ ಒಂದು ಮೇಜಿನ ಸುತ್ತ ಕುಳಿತಿಲ್ಲ, ಕೂರಿಸುವ ಅಧಿಕಾರ ತಮಗಿದೆ.

ಹವ್ಯಾಸಿ ಎಂಬ ಮಾತಿನ ನೆಪದಲ್ಲಿ ಕಲಾವಿದರಿಂದ ಬಿಟ್ಟಿ ದುಡಿಸಿಕೊಳ್ಳುವ ರೂಢಿಯನ್ನು ಈ ಯೋಜನೆಗೆ ತರಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹಗಲಿಗೆ ಬ್ಯಾಂಕಿನಲ್ಲೋ ಅಂಗಡಿಯಲ್ಲೋ ದುಡಿದು ರಾತ್ರಿ ತಾಲೀಮಿಗೆ ಬರುವವರು ಇವರು. ಚಿತ್ರೀಕರಣಕ್ಕೆ ರಜೆ ಹಾಕಬೇಕಾಗುತ್ತದೆ, ಆ ದಿನಗಳ ಸಂಭಾವನೆ, ಪ್ರಯಾಣ, ಊಟ ಎಲ್ಲವೂ ಒಪ್ಪಂದದಲ್ಲಿ ಇರಬೇಕು. ಪ್ರದರ್ಶಕರಿಗೂ ಕಾಯ್ದೆಯಲ್ಲಿ ಹಕ್ಕುಗಳಿವೆ. ಮರುಪ್ರಸಾರದ ಷರತ್ತುಗಳನ್ನು ಅವರ ಸಹಿಗೆ ಮೊದಲೇ ಕನ್ನಡದಲ್ಲಿ ಬರೆದು ಕೊಡಬೇಕು.

ಪ್ರಸಾರದ ಸಮಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಾಲೆಯ ಪೀರಿಯಡ್ಡಿಗೆ ಹೊಂದುವ ಅವಧಿ, ವಾರದಲ್ಲಿ ನಿಶ್ಚಿತವಾದ ದಿನ, ಸಂಜೆ ಮನೆಯವರೂ ನೋಡುವಂತೆ ಮರುಪ್ರಸಾರ ಇಷ್ಟಿದ್ದರೆ ಸಾಕು. ಆದರೆ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನಮ್ಮಲ್ಲಿ ಮಳೆಗೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಜೋರು ಮಳೆಗೆ ಡಿಶ್ಶಿನ ಸಿಗ್ನಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಕಂತನ್ನೂ ಶಾಲೆಗಳಿಗೆ ಪೆನ್‌ಡ್ರೈವಿನಲ್ಲಿ ಕಳುಹಿಸುವ ವ್ಯವಸ್ಥೆ ಬೇಕು, ಮತ್ತು ಅದನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಮತ್ತೆ ನೋಡುವ ಸ್ವಾತಂತ್ರ್ಯ ಅಧ್ಯಾಪಕರಿಗೆ ಇರಬೇಕು.

ಪ್ರತಿ ನಾಟಕದೊಡನೆ ಅಧ್ಯಾಪಕರಿಗೆ ಒಂದು ಕೈಪಿಡಿ ಹೋಗಲಿ, ಅದು ಪ್ರಶ್ನೋತ್ತರಗಳ ಪುಸ್ತಕವಾಗದಿರಲಿ. ಪ್ರಸಾರದಲ್ಲಿ ಬಳಸಿದ ಪಠ್ಯವನ್ನು ಪೂರ್ತಿಯಾಗಿ ಅಚ್ಚು ಮಾಡಿ, ಯಾವ ಮಾತನ್ನು ಬಿಟ್ಟಿದ್ದೇವೆ, ಯಾಕೆ ಬಿಟ್ಟಿದ್ದೇವೆ ಎಂಬುದನ್ನು ಅಂಚಿನಲ್ಲಿ ತಿಳಿಸಬೇಕು. ಬಿಟ್ಟದ್ದನ್ನು ಮುಚ್ಚಿಡಬಾರದು. ‘ಈ ಮಾತನ್ನು ನಿರ್ದೇಶಕರು ಕೈಬಿಟ್ಟದ್ದು ಸರಿಯೇ?’ ಎಂದು ಹತ್ತನೆಯ ತರಗತಿಯ ವಿದ್ಯಾರ್ಥಿ ವಾದಿಸಲು ಆರಂಭಿಸಿದರೆ ಅವನು ನಾಟಕವನ್ನು ಓದಲು ಕಲಿತ ಹಾಗೆಯೇ. ಜೊತೆಗೆ ಒಂದು ದೃಶ್ಯವನ್ನು ಮಾತ್ರ ಚಿತ್ರೀಕರಿಸದೆ ಉಳಿಸಿ, ಅದನ್ನು ತರಗತಿಯೇ ಆಡಿ ತುಂಬಲಿ ಎಂದು ಬಿಡುವುದೂ ಒಂದು ಒಳ್ಳೆಯ ಪ್ರಯೋಗವಾದೀತು. ನಮ್ಮಲ್ಲಿ ಡಿಸೆಂಬರ್ ಜನವರಿಯ ಶಾಲಾ ವಾರ್ಷಿಕೋತ್ಸವಗಳಲ್ಲಿ ಸಿನಿಮಾ ಹಾಡುಗಳ ಕುಣಿತಕ್ಕೆ ಸಿಗುವ ಸಮಯದಲ್ಲಿ ಒಂದು ಪಾಲು ಇಂಥ ದೃಶ್ಯಗಳಿಗೂ ಸಿಕ್ಕರೆ ಊರವರೂ ಸಂತೋಷಪಡುತ್ತಾರೆ.

ತಮ್ಮಲ್ಲಿ ನನ್ನ ಅಂತಿಮ ವಿನಂತಿ ಹೀಗಿದೆ. ಬರುವ ಶೈಕ್ಷಣಿಕ ವರ್ಷದ ಕಾರ್ಯಕ್ರಮ ಪಟ್ಟಿ ಅಂತಿಮವಾಗುವ ಮೊದಲು ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಒಂದು ದಿನದ ಸಮಾಲೋಚನೆ ಕರೆಯಿರಿ. ವಾಹಿನಿಯ ನಿರ್ಮಾಪಕರು, ಇಲಾಖೆಯ ಪಠ್ಯ ತಜ್ಞರು, ಎರಡು ಜಿಲ್ಲೆಗಳ ರಂಗನಿರ್ದೇಶಕರು ಮತ್ತು ಕನ್ನಡ ಅಧ್ಯಾಪಕರು ಅಲ್ಲಿ ಸೇರಲಿ. ‘ಟೊಳ್ಳುಗಟ್ಟಿ’ ಮತ್ತು ‘ಹೆಬ್ಬೆರಳು’ ಎರಡಕ್ಕೂ ಯಾರ ಅನುಮತಿಯೂ ಬೇಕಾಗಿಲ್ಲವಾದ್ದರಿಂದ ಅವುಗಳ ಒಂದೊಂದು ದೃಶ್ಯವನ್ನು ಅಂದೇ ಸಭೆಯ ಮುಂದೆ ಆಡಿ, ಕ್ಯಾಮೆರಾದಲ್ಲಿ ಹೇಗೆ ಕಾಣುತ್ತದೆಂದು ಎಲ್ಲರೂ ಕೂಡಿ ನೋಡೋಣ. ಪಠ್ಯಗಳನ್ನೂ ಆಡುವವರನ್ನೂ ಒದಗಿಸುವ ಹೊಣೆಯನ್ನು ನಾವು ಇಲ್ಲಿಯವರು ಹೊರುತ್ತೇವೆ. ದಿನಾಂಕವನ್ನೂ ಸ್ಥಳವನ್ನೂ ತಾವು ನಿಗದಿಪಡಿಸಿ ತಿಳಿಸಬೇಕೆಂದು ಕೋರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಉಡುಪಿಯ ಒಬ್ಬ ಕನ್ನಡ ಅಧ್ಯಾಪಕ